ಪದಚರ್ಚೆ: ಹೆಡ್‌ಲೈಟಿನ ‘ಫೋಕಸ್’ ಅಂದರೆ ಯಾವ ಫೋಕಸ್?

ಬಳಗದವರಿಗೆ ನಮಸ್ಕಾರ.

ಹಳೆ ಕಾರಿಗೆ ತಾವೇ ಪ್ರೊಜೆಕ್ಟರ್ ಹೆಡ್‌ಲೈಟ್ ಹಾಕಿಕೊಳ್ಳುವವರಿಗಾಗಿ ಕನ್ನಡದಲ್ಲಿ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ದೀಪ ಬಿಚ್ಚುವುದು, ಕೂರಿಸುವುದು, ವೈರಿಂಗ್ ಎಲ್ಲ ಸಲೀಸಾಗಿ ಬರೆದಾಯಿತು. ಬೆಳಕು ಬೀಳಬೇಕಾದ ಕಡೆ ಬೀಳುವ ಹಾಗೆ ಹೊಂದಿಸುವ ಭಾಗಕ್ಕೆ ಬಂದರೆ ಪದಗಳು ಕೈಕೊಡುತ್ತಿವೆ. ಈ ಭಾಗ ತಪ್ಪಿದರೆ ಎದುರಿಗೆ ಬರುವವರ ಕಣ್ಣಿಗೆ ಕತ್ತಲೆ ಕವಿಯುತ್ತದೆ. ಆದ್ದರಿಂದ ಓದಿದವರು ಒಂದನ್ನು ಇನ್ನೊಂದು ಅಂತ ತಿಳಿಯಬಾರದು.

ಮೊದಲ ತೊಡಕು ‘ಫೋಕಸ್’. ನಮ್ಮ ಕಡೆ ಗ್ಯಾರೇಜಿನಲ್ಲಿ “ಫೋಕಸ್ ಸೆಟ್ ಮಾಡ್ಬೇಕು” ಅಂದರೆ ಸಾಮಾನ್ಯವಾಗಿ ಬೆಳಕನ್ನು ಮೇಲೆ ಕೆಳಗೆ ಮಾಡುವುದು. ಎಡಕ್ಕೆ ಬಲಕ್ಕೆ ತಿರುಗಿಸುವುದೂ ಅದೇ ಫೋಕಸ್. ಹಳೆ ಬಗೆಯ ದೀಪಕ್ಕೆ ಇಷ್ಟು ಸಾಕಿತ್ತು. ಪ್ರೊಜೆಕ್ಟರಿನಲ್ಲಿ ಸಾಕಾಗುವುದಿಲ್ಲ. ಅದರೊಳಗೆ ಬಲ್ಬಿನ ಬೆಳಕನ್ನು ಬಟ್ಟಲಿನಂಥ ಕನ್ನಡಿ ಒಂದು ಕಡೆ ಕೂಡಿಸುತ್ತದೆ. ಅಲ್ಲೇ ಅಡ್ಡಲಾಗಿ ಒಂದು ತಗಡಿನ ಮರೆ ಇರುತ್ತದೆ. ಮುಂದಿನ ಲೆನ್ಸು ಆ ಮರೆಯ ಅಂಚನ್ನೇ ತಲೆಕೆಳಗು ಮಾಡಿ ಮುಂದಕ್ಕೆ ಬಿಡುತ್ತದೆ. ಲೋ ಬೀಮ್ ಹಾಕಿ ಗೋಡೆಯ ಮುಂದೆ ನಿಲ್ಲಿಸಿದರೆ ಕೆಳಗೆ ಬೆಳಕು, ಮೇಲೆ ಕತ್ತಲೆ, ನಡುವೆ ಚೂಪಾದ ಗೆರೆ. ಆ ಗೆರೆ ಚೂಪಾಗಿದೆಯೋ ಮಸುಕಾಗಿದೆಯೋ ಅನ್ನುವುದು ನಿಜವಾದ ಫೋಕಸ್. ಅದು ಲೆನ್ಸಿಗೂ ಮರೆಗೂ ಇರುವ ದೂರದ ವಿಷಯ. ಗೆರೆ ಎಷ್ಟು ಎತ್ತರದಲ್ಲಿದೆ ಅನ್ನುವುದು ಬೇರೆಯೇ ಮಾತು. ಎರಡಕ್ಕೂ ಒಂದೇ ಪದ ಬಳಸಿದರೆ, ಒಬ್ಬರು ಲೆನ್ಸು ಬಿಚ್ಚುತ್ತಾರೆ, ಇನ್ನೊಬ್ಬರು ಸ್ಕ್ರೂ ತಿರುವುತ್ತಾರೆ.

ಆ ಗೆರೆಗೂ ಪದ ಬೇಕು. ‘ಕಟ್-ಆಫ್’ ಅಂತ ಬರೆದರೆ ಸಿಇಟಿ ರ‍್ಯಾಂಕು ನೆನಪಾಗುತ್ತದೆ, ಅಲ್ವಾ? ‘ಎಲ್ಲೆ’ ಅಂದರೆ ಜಮೀನಿನ ಮಾತಾಯಿತು. ನನಗೆ ‘ಮೇಲಂಚು’ ಹಿಡಿಸಿದೆ. ಬೆಳಕಿನ ಮೇಲಂಚು ಅಂದ ಕೂಡಲೇ ಎಲ್ಲಿ ನೋಡಬೇಕು ಅಂತ ಗೊತ್ತಾಗುತ್ತದೆ. ಇದಕ್ಕಿಂತ ಒಳ್ಳೆಯದು ಇದ್ದರೆ ತಿಳಿಸಿ.

ಈ ಮೇಲಂಚು ಮುಂದೆ ಹೋದ ಹಾಗೆ ಸ್ವಲ್ಪ ಕೆಳಗೆ ಇಳಿಯಬೇಕು. ಕಾರಿಗೆ ಸಾಮಾನ್ಯವಾಗಿ ಹೇಳುವ ಲೆಕ್ಕ ಶೇಕಡಾ 1. ಗೋಡೆ 10 ಮೀಟರ್ ದೂರದಲ್ಲಿದ್ದರೆ ಲೆನ್ಸಿನ ನಡುಮಧ್ಯದ ಎತ್ತರಕ್ಕಿಂತ 10 ಸೆಂಟಿಮೀಟರ್ ಕೆಳಗೆ, 5 ಮೀಟರ್ ಇದ್ದರೆ 5 ಸೆಂಟಿಮೀಟರ್ ಕೆಳಗೆ. ‘ಇಳಿಜಾರು’ ಅಂದರೆ ಓದುಗರು ರಸ್ತೆಯ ಇಳಿಜಾರು ಅಂದುಕೊಳ್ಳಬಹುದು. ‘ಇಳಿತ’ ಅಂತ ಇಟ್ಟು, “ಮೀಟರಿಗೆ ಒಂದು ಸೆಂಟಿಮೀಟರ್ ಇಳಿತ” ಅಂತ ಬರೆದಿದ್ದೇನೆ. ಲೆನ್ಸು ನೆಲದಿಂದ 70 ಸೆಂಟಿಮೀಟರ್ ಎತ್ತರದಲ್ಲಿದ್ದರೆ, ಈ ಇಳಿತದಲ್ಲಿ ಮೇಲಂಚು 70 ಮೀಟರ್ ದೂರದಲ್ಲಿ ನೆಲ ಮುಟ್ಟುತ್ತದೆ. ಇಳಿತ ಎರಡು ಪಟ್ಟಾದರೆ 35 ಮೀಟರಿಗೇ ಬೆಳಕು ಮುಗಿಯಿತು. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಅದು ಎರಡು ಸೆಕೆಂಡಿನ ದಾರಿ. ಇಳಿತವೇ ಇಲ್ಲದಿದ್ದರೆ ಮೇಲಂಚು ನೆಲ ಮುಟ್ಟುವುದೇ ಇಲ್ಲ.

ಇನ್ನು ನನ್ನನ್ನು ಹೆಚ್ಚು ಕಾಡುತ್ತಿರುವುದು ‘ತಿರುಗಿಸು’. ಸ್ಕ್ರೂ ತಿರುಗಿಸುತ್ತೇವೆ. ದೀಪದ ಮುಖವನ್ನು ಎಡಕ್ಕೆ ತಿರುಗಿಸುತ್ತೇವೆ. ಪ್ರೊಜೆಕ್ಟರನ್ನು ಕೂತಲ್ಲೇ, ಗಡಿಯಾರದ ಮುಳ್ಳಿನ ಹಾಗೆ, ತಿರುಗಿಸುತ್ತೇವೆ. ಮೂರೂ ಬೇರೆ ಕೆಲಸ, ಕ್ರಿಯಾಪದ ಒಂದೇ. ಮೂರನೆಯದಕ್ಕಂತೂ ಬೇರೆ ಪದ ಬೇಕೇ ಬೇಕು. ಯಾಕೆಂದರೆ ಮೇಲೆ-ಕೆಳಗೆ, ಎಡ-ಬಲ ಎರಡಕ್ಕೂ ದೀಪದ ಹಿಂದೆ ಸ್ಕ್ರೂ ಇರುತ್ತದೆ. ಇದಕ್ಕೆ ಇರುವುದಿಲ್ಲ. ಎಚ್4 ಅನ್ನುವ ಬಗೆಯ ಬಲ್ಬಿನ ತೂತಿನಲ್ಲಿ ಪ್ರೊಜೆಕ್ಟರ್ ತೂರಿಸಿ, ಹಿಂದಿನ ನಟ್ಟನ್ನು ಕೈಯಲ್ಲೇ ಹಗುರಾಗಿ ಬಿಗಿಮಾಡಿ, ಗೋಡೆಗೆ ಬೆಳಕು ಬಿಟ್ಟು, ಮೇಲಂಚು ಮಟ್ಟಸವಾಗಿದೆಯಾ ಅಂತ ನೋಡಿ, ಆಮೇಲೆ ನಟ್ಟು ಪೂರ್ತಿ ಬಿಗಿಯಬೇಕು. ಮುಂದಿನ ಗಾಜನ್ನು ಅಂಟು ಹಾಕಿ ಮುಚ್ಚುವುದು ಅದಾದ ಮೇಲೆ. ಮುಚ್ಚಿದ ಮೇಲೆ ಗೆರೆ ಸೊಟ್ಟ ಅಂತ ಗೊತ್ತಾದರೆ ಮತ್ತೆ ದೀಪ ಬಿಸಿಮಾಡಿ ಗಾಜು ಬಿಡಿಸಬೇಕು.

ಇದು ಸಣ್ಣ ತಪ್ಪಲ್ಲ. 10 ಮೀಟರ್ ದೂರದ ಗೋಡೆಯ ಮೇಲೆ, ನಡುವಿನಿಂದ 2 ಮೀಟರ್ ಬಲಕ್ಕೆ ನೋಡಿ. ಪ್ರೊಜೆಕ್ಟರ್ ಎಡಕ್ಕೆ 3 ಡಿಗ್ರಿ ವಾಲಿದ್ದರೆ ಅಲ್ಲಿ ಮೇಲಂಚು ಸುಮಾರು 10 ಸೆಂಟಿಮೀಟರ್ ಮೇಲೆ ಹೋಗಿರುತ್ತದೆ. ಕಷ್ಟಪಟ್ಟು ಕೊಟ್ಟ ಇಳಿತ ಪೂರ್ತಿ ಹೋಯಿತು. ಅದೂ ಎದುರು ವಾಹನ ಬರುವ ಬದಿಯಲ್ಲೇ! ಸ್ಕ್ರೂನಿಂದ ಎರಡೂ ಬದಿ ಒಟ್ಟಿಗೆ ಇಳಿಸಿದರೆ ಎಡಗಡೆ ರಸ್ತೆ ಕಾಣುವುದಿಲ್ಲ. “ಫೋಕಸ್ ಸರಿ ಇಲ್ಲ” ಅಂತ ಹೇಳಿ ಸುಮ್ನೆ ಸ್ಕ್ರೂ ತಿರುವಿಸಿಕೊಂಡು ಬರುವವರಿಗೆ ಆಗುವುದು ಇದೇ.

‘ವಾಲು’ ನನಗೆ ಸರಿ ಅನ್ನಿಸುತ್ತದೆ. ಗಾಡಿ ಒಂದು ಕಡೆ ವಾಲಿದೆ ಅನ್ನುತ್ತೇವಲ್ಲ, ಹಾಗೆ ಗೆರೆಯೂ ವಾಲಿದೆ. ಸರಿಪಡಿಸುವುದಕ್ಕೆ ‘ಓರೆ ತೆಗೆಯುವುದು’ ಅಂತ ಬರೆದಿದ್ದೇನೆ. ರಿಮ್ಮಿನ ಬೆಂಡ್ ತೆಗೆಯುವ ಮಾತು ಗ್ಯಾರೇಜಿನಲ್ಲಿ ಇರುವುದರಿಂದ ಇದು ಪರಕೀಯ ಅನ್ನಿಸಲಾರದು. ‘ಹೊರಳಿಸು’ ಅಂತ ಒಬ್ಬ ಗೆಳೆಯರು ಹೇಳಿದರು. ಅದರಲ್ಲಿ ಪೂರ್ತಿ ಮಗುಚುವ ಭಾವ ಜಾಸ್ತಿ.

‘ಎಡ’, ‘ಬಲ’ ಅನ್ನುವ ಸರಳ ಮಾತುಗಳೂ ಇಲ್ಲಿ ಮೋಸ ಮಾಡುತ್ತವೆ. ಭಾರತದಲ್ಲಿ ರಸ್ತೆಯ ಎಡಕ್ಕೆ ಓಡಿಸುತ್ತೇವೆ, ಸ್ಟೀರಿಂಗ್ ಬಲಕ್ಕಿದೆ. ಹಾಗಾಗಿ ಮೇಲಂಚು ಬಲಗಡೆ ಮಟ್ಟಸವಾಗಿ, ತಗ್ಗಾಗಿ ಇರಬೇಕು. ಎಡಗಡೆ ನಡೆದು ಹೋಗುವವರು, ಬೋರ್ಡುಗಳು ಕಾಣಲಿ ಅಂತ ಆ ಕಡೆ ಮೇಲಕ್ಕೆ ಏರಬೇಕು. ಅಮೆರಿಕ, ಜರ್ಮನಿಯಂಥ ಕಡೆಗೆ ಮಾಡಿದ ಪ್ರೊಜೆಕ್ಟರಿನಲ್ಲಿ ಏರು ಬಲಕ್ಕಿರುತ್ತದೆ. ಅದನ್ನು ಇಲ್ಲಿ ಹಾಕಿದರೆ ಎಷ್ಟೇ ಹೊಂದಿಸಿದರೂ ಆ ಏರು ಎದುರಿನವರ ಕಣ್ಣಿಗೇ. ಅಂಗಡಿಯಲ್ಲಿ “ಲೆಫ್ಟ್ ಪ್ರೊಜೆಕ್ಟರ್” ಅಂದರೆ ಎಡ ದೀಪದ್ದೋ, ಎಡ ಸ್ಟೀರಿಂಗ್ ಕಾರಿನದೋ, ಏರು ಎಡಕ್ಕಿರುವುದೋ? ‘ಎಡ-ಏರು’, ‘ಬಲ-ಏರು’ ಅಂತ ಬರೆದರೆ ಗೊಂದಲ ತಪ್ಪಬಹುದು ಅಂದುಕೊಂಡಿದ್ದೇನೆ.

ಕೊನೆಗೆ ಕಣ್ಣಿಗೆ ಆಗುವ ಹಿಂಸೆಯ ಮಾತು. ‘ಕೋರೈಸು’ ಈಗ ಪತ್ರಿಕೆಗಳಲ್ಲಿ ಹೊಗಳಿಕೆಯಾಗಿಬಿಟ್ಟಿದೆ, ಕಣ್ಣು ಕೋರೈಸುವ ಅಲಂಕಾರ ಅನ್ನುವ ಹಾಗೆ. ‘ಕುಕ್ಕು’ ಪದದಲ್ಲಿ ನೋವಿದೆ. ಅದನ್ನೇ ಇಟ್ಟುಕೊಳ್ಳುತ್ತೇನೆ. ಕೈಪಿಡಿಯ ಮೊದಲ ಪುಟದಲ್ಲೇ, ವಾಹನವನ್ನು ಕಂಪನಿ ಕೊಟ್ಟ ಸ್ವರೂಪದಿಂದ ಬದಲಾಯಿಸಲು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಕಟ್ಟುಪಾಡಿದೆ ಅಂತಲೂ ಹಾಕಿದ್ದೇನೆ. ಗೆರೆ ಎಷ್ಟೇ ಸರಿಯಾಗಿ ಕೂತರೂ ಆ ಮಾತು ಬದಲಾಗುವುದಿಲ್ಲ.

ಹುಬ್ಬಳ್ಳಿ, ಕಲಬುರಗಿ, ಮಂಗಳೂರು ಕಡೆಯವರಲ್ಲಿ ಒಂದು ಕೋರಿಕೆ. ನಿಮ್ಮ ಗ್ಯಾರೇಜಿನಲ್ಲಿ ಗೋಡೆಯ ಮೇಲೆ ಗೆರೆ ವಾಲಿದ್ದರೆ ಮೆಕ್ಯಾನಿಕ್ ಏನು ಹೇಳುತ್ತಾರೆ? ಅವರ ಬಾಯಲ್ಲಿ ಬಂದ ಮಾತನ್ನೇ, ತಿದ್ದದೆ, ಬರೆದು ಕಳಿಸಿ.