ಸಹಾಯ ಬೇಕು: ಹಳೆ ಆಂಪ್ಲಿಫೈಯರ್‌ಗೆ ಕಡಿಮೆ ಬೆಲೆಯ ಸ್ಟ್ರೀಮರ್

ನಮಸ್ಕಾರ, ನಾನು ಮಲ್ಪೆಯವನು. ನನ್ನ ಹಳೆ ಸ್ಟೀರಿಯೋ ಆಂಪ್ಲಿಫೈಯರ್‌ಗೆ ಆರ್‌ಸಿಎ ಇನ್‌ಪುಟ್ (ಕೆಂಪು-ಬಿಳಿ ವೈರ್ ಚುಚ್ಚುವ ಜಾಗ) ಮಾತ್ರ ಇದೆ. ಈಗ ಫೋನಿಂದ ಬ್ಲೂಟೂತ್‌ನಲ್ಲಿ ಕೇಳುತ್ತೇನೆ. ಕಾಲ್ ಬಂದರೆ ಯಕ್ಷಗಾನದ ಪದ ಅರ್ಧಕ್ಕೇ ನಿಲ್ಲುತ್ತದೆ. ಚೆಂಡೆಯ ಪೆಟ್ಟೂ ಮಂಕು.

ಅದಕ್ಕೇ ವೈಫೈನಲ್ಲಿ ಹಾಡು ತಂದು ಆಂಪ್ಲಿಫೈಯರ್‌ಗೆ ಕೊಡುವ ಸ್ಟ್ರೀಮರ್ ಬೇಕು. ಬಜೆಟ್ 15,000 ರೂಪಾಯಿ ಒಳಗೆ. ವಿಮ್ (WiiM) ಕಂಪನಿಯ ಮಿನಿ ಸ್ಟ್ರೀಮರ್ ಸಾಕಾ, ಅವರದ್ದೇ ಪ್ರೊ ತನಕ ಹೋಗಬೇಕಾ? ಮಿನಿಯಲ್ಲಿ ಕ್ರೋಮ್‌ಕಾಸ್ಟ್ (ಫೋನಿನ ಆ್ಯಪ್‌ನಿಂದ ವೈಫೈನಲ್ಲಿ ಹಾಡು ಕಳಿಸುವ ಗೂಗಲ್ ವ್ಯವಸ್ಥೆ) ಇಲ್ಲ, ಈಥರ್ನೆಟ್ ಇಲ್ಲ. ನಮ್ಮ ಮನೆಯಲ್ಲಿ ಎಲ್ಲರದ್ದೂ ಆಂಡ್ರಾಯ್ಡ್. ಈಥರ್ನೆಟ್ ಇಲ್ಲದಿದ್ದರೂ ಪರವಾಗಿಲ್ಲ, ಮೇ ತಿಂಗಳ ಸಿಡಿಲಿಗೆ ಉದ್ದ ಕೇಬಲ್ ಎಳೆಯಲು ನನಗೆ ಹೆದರಿಕೆ!

ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್‌ಗೆ ಡ್ಯಾಕ್ ಬೋರ್ಡ್ (ಡಿಜಿಟಲ್ ಫೈಲನ್ನು ಆಂಪ್ಲಿಫೈಯರ್‌ಗೆ ಬೇಕಾದ ಸಿಗ್ನಲ್ ಮಾಡುವುದು) ಹಾಕಿದರೆ ಅಗ್ಗ ಅಂತಾರೆ. ಆದರೆ ಅಮ್ಮನೂ ಬಳಸಬೇಕಲ್ವಾ. ಅವರ ತಾಳಮದ್ದಳೆ ಫೈಲುಗಳು ಪೆನ್‌ಡ್ರೈವ್‌ನಲ್ಲಿವೆ. ಅದನ್ನು ರೂಟರ್‌ಗೆ ಚುಚ್ಚಿ ಡಿಎಲ್‌ಎನ್‌ಎ (ಮನೆಯ ನೆಟ್‌ವರ್ಕ್‌ನಲ್ಲಿ ಫೈಲು ಹಂಚುವ ವಿಧಾನ) ಮೂಲಕ ನುಡಿಸುವವರು ಇದ್ದೀರಾ? ಮಂಗಳೂರಲ್ಲಿ ಕೇಳಿ ನೋಡಿ ಕೊಳ್ಳುವ ಅಂಗಡಿ ಇದ್ದರೆ ಅದನ್ನೂ ಹೇಳಿ.