ಹೊಂಡದ ಬಸವನ ಹುಳಕ್ಕೆ ಅಂಟುವಾಳ ಅಥವಾ ಕಳ್ಳಿ ಹಾಲು ಹಾಕಬಹುದಾ?

ಹೊಂಡದಂಚು (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ನಮ್ಮ ದನಗಳು ಹೋದ ವರ್ಷದಿಂದ ಸೊರಗುತ್ತಿವೆ. ಮೇವು ಚೆನ್ನಾಗಿಯೇ ತಿನ್ನುತ್ತವೆ, ಆದರೂ ಹಾಲು ಕಮ್ಮಿ. ಒಂದು ಹಸುವಿಗೆ ದವಡೆಯ ಕೆಳಗೆ ನೀರು ತುಂಬಿದಂತೆ ಬಾವು ಬಂದಿತ್ತು. ಸಗಣಿ ಪರೀಕ್ಷೆಯಲ್ಲಿ ಲಿವರ್ ಫ್ಲೂಕ್ ಎಂಬ, ಲಿವರ್‌ನಲ್ಲಿ ಬೆಳೆಯುವ ಚಪ್ಪಟೆ ಹುಳದ ಮೊಟ್ಟೆ ಕಂಡಿತು. ಔಷಧಿ ಕುಡಿಸಿದೆವು, ಚೇತರಿಸಿಕೊಂಡವು. ಕೆಲವು ತಿಂಗಳಾದ ಮೇಲೆ ಮತ್ತೆ ಅದೇ ಕಥೆ.

ಈ ಹುಳ ಬಸವನ ಹುಳದ ಮೂಲಕ ಬರುತ್ತದೆ ಎಂದು ಡಾಕ್ಟರು ಹೇಳಿದರು. ನಮ್ಮ ಹೊಂಡದ ಅಂಚಿನಲ್ಲಿ ಅವು ರಾಶಿ ರಾಶಿ ಇವೆ. ಹೊಂಡ ಸುಮಾರು 10 ಮೀಟರ್ ಉದ್ದ, 5 ಮೀಟರ್ ಅಗಲ, 1 ಮೀಟರ್ ಆಳ. ಮೀನು ಬಿಟ್ಟಿದ್ದೇವೆ. ತುಂಬಿದಾಗ ನೀರು ತೋಡಿಗೆ ಹರಿಯುತ್ತದೆ. ರಾಸಾಯನಿಕ ಹಾಕಲು ಮನಸ್ಸಿಲ್ಲ. ಅಂಟುವಾಳದ ರಸ ಅಥವಾ ಕಳ್ಳಿ ಹಾಲು ಹಾಕಿದರೆ ಸಾಯುತ್ತವೆ ಎಂದು ಕೇಳಿದ್ದೇನೆ. ನಿಜವಾ? ಎಷ್ಟು ಹಾಕಬೇಕು?

ಗಾಜಿನತೊಟ್ಟಿ:

ನಾನು ಪ್ರಯೋಗಾಲಯದಲ್ಲಿ ಬಸವನ ಹುಳಗಳ ಮೇಲೆ ಸಸ್ಯರಸ ಪರೀಕ್ಷೆ ಮಾಡುತ್ತಿದ್ದವಳು. ನೇರವಾಗಿ ಹೇಳಿಬಿಡುತ್ತೇನೆ. ಅಂಟುವಾಳ ಬಸವನ ಹುಳವನ್ನು ಕೊಲ್ಲುತ್ತದೆ. ಮೀನನ್ನೂ ಕೊಲ್ಲುತ್ತದೆ. ಮೀನಿರುವ ಹೊಂಡಕ್ಕೆ ದಯವಿಟ್ಟು ಹಾಕಬೇಡಿ. ಕಳ್ಳಿ ಹಾಲಿನ ಸುದ್ದಿಗೇ ಹೋಗಬೇಡಿ.

ಅಂಟುವಾಳದಲ್ಲಿ ನೊರೆ ಬರಿಸುವ ವಸ್ತುವಿಗೆ ಸಪೋನಿನ್ ಎನ್ನುತ್ತಾರೆ. ಅದು ಜೀವಕೋಶದ ಪೊರೆಯಲ್ಲಿರುವ ಕೊಲೆಸ್ಟರಾಲ್‌ಗೆ ಅಂಟಿಕೊಂಡು ಪೊರೆಯನ್ನೇ ತೂತು ಮಾಡುತ್ತದೆ. ಬಸವನ ಹುಳದ ಮೈ ಮೆತ್ತಗಿದೆ, ನೀರಿಗೆ ತೆರೆದೇ ಇರುತ್ತದೆ. ಮೀನಿನ ಕಿವಿರೂ ಹಾಗೆಯೇ. ಹಾಗಾಗಿ ಒಂದಕ್ಕೆ ವಿಷವಾದದ್ದು ಇನ್ನೊಂದಕ್ಕೂ ವಿಷ. ಗಿಡದ್ದು ಎಂದ ಮಾತ್ರಕ್ಕೆ ಸಾಧು ಎಂದುಕೊಳ್ಳಬೇಡಿ. ಬಸವನ ಹುಳಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಒಪ್ಪುವ ರಾಸಾಯನಿಕ ನಿಕ್ಲೋಸಮೈಡ್. ಅದೂ ಮೀನನ್ನು ಕೊಲ್ಲುತ್ತದೆ. ಈ ಒಂದು ವಿಷಯದಲ್ಲಿ ಎರಡಕ್ಕೂ ದೊಡ್ಡ ವ್ಯತ್ಯಾಸವಿಲ್ಲ.

ಹಾಗಂತ ಸಸ್ಯರಸ ಕೆಲಸಕ್ಕೆ ಬಾರದ್ದು ಅಂತಲ್ಲ. ಇದರಲ್ಲಿ ನನಗೆ ತುಂಬಾ ನಂಬಿಕೆಯಿದೆ. ಅದಕ್ಕೆ ಕಾರಣ ಇಥಿಯೋಪಿಯಾ. 1964ರಲ್ಲಿ ಅಕ್ಲಿಲು ಲೆಮ್ಮಾ ಎಂಬ ವಿಜ್ಞಾನಿ ಅಡ್ವಾ ಎಂಬ ಊರಿನ ಹೊಳೆಯಲ್ಲಿ ಬಸವನ ಹುಳ ಹುಡುಕುತ್ತಿದ್ದರು. ಅಲ್ಲಿ ಶಿಸ್ಟೊಸೋಮಿಯಾಸಿಸ್ ಎಂಬ ಕಾಯಿಲೆ ಹರಡಿತ್ತು. ಅದರ ಮರಿಹುಳ ಬಸವನ ಹುಳದಿಂದ ನೀರಿಗೆ ಬಂದು, ನೀರಿಗಿಳಿದ ಮನುಷ್ಯರ ಚರ್ಮ ಕೊರೆದು ಒಳಗೆ ಹೋಗುತ್ತದೆ. ಹೆಂಗಸರು ಬಟ್ಟೆ ಒಗೆಯುವ ಜಾಗದ ಕೆಳಗಡೆ ಸತ್ತ ಬಸವನ ಹುಳಗಳು ಜಾಸ್ತಿ ಇದ್ದದ್ದು ಅವರಿಗೆ ಕಂಡಿತು. ಆ ಹೆಂಗಸರು ಸೋಪಿನ ಬದಲು ಎಂಡೋಡ್ ಎಂಬ ಬಳ್ಳಿಯ ಕಾಯಿ ಬಳಸುತ್ತಿದ್ದರು. ಮುಂದೆ ಅಡ್ವಾದ ಹೊಳೆಗಳಿಗೆ 1969ರಿಂದ 1974ರವರೆಗೆ ಆ ಕಾಯಿಯ ರಸ ಹಾಕಿದರು. ಆರು ವರ್ಷದೊಳಗಿನ ಮಕ್ಕಳಲ್ಲಿ ಸೋಂಕು ಶೇ. 50ರಿಂದ ಶೇ. 7ಕ್ಕೆ ಇಳಿಯಿತು. ಸಣ್ಣ ಮಕ್ಕಳ ಲೆಕ್ಕವೇ ಮುಖ್ಯ. ದೊಡ್ಡವರ ಮೈಯಲ್ಲಿ ಹಳೆಯ ಹುಳ ವರ್ಷಗಟ್ಟಲೆ ಇರುತ್ತದೆ. ಹೊಸ ಸೋಂಕು ನಿಂತಿದೆಯಾ ಎಂಬುದು ಮಕ್ಕಳಲ್ಲೇ ಗೊತ್ತಾಗುವುದು.

ಜನ ರಸವನ್ನು ಕುದಿಸಿದರೆ ಶಕ್ತಿ ಜಾಸ್ತಿ ಎಂದುಕೊಳ್ಳುತ್ತಾರೆ. ಎಂಡೋಡ್‌ನಲ್ಲಿ ಇದು ಉಲ್ಟಾ. ಒಣ ಕಾಯಿಯನ್ನು ತಣ್ಣೀರಲ್ಲಿ ಅರೆದಾಗ ಅದರಲ್ಲೇ ಇರುವ ಒಂದು ಕಿಣ್ವ ಸಪೋನಿನ್‌ನ ಒಂದು ಸಕ್ಕರೆ ಸರಪಳಿಯನ್ನು ಕತ್ತರಿಸುತ್ತದೆ. ಆಮೇಲೇ ಅದು ವಿಷವಾಗುವುದು. ಮೊದಲೇ ಬಿಸಿ ಮಾಡಿದರೆ ಕಿಣ್ವ ಸಾಯುತ್ತದೆ, ರಸ ಸಪ್ಪೆ. ಆದ್ದರಿಂದ "ಈ ಗಿಡ ಕೆಲಸ ಮಾಡುತ್ತದಾ" ಎಂದು ಯಾರಾದರೂ ಕೇಳಿದರೆ ನಾನು ಮೊದಲು ಕೇಳುವುದು, ಯಾವ ಭಾಗ, ಹೇಗೆ ತೆಗೆದದ್ದು ಎಂದು.

ಪ್ರಮಾಣದ ಮಾತಿಗೆ ಬರೋಣ. ಸಸ್ಯದ ಪುಡಿ ಲೀಟರಿಗೆ 100 ಮಿಲಿಗ್ರಾಂನಲ್ಲಿ 24 ಗಂಟೆಯೊಳಗೆ ಕೆಲಸ ಮಾಡಿದರೆ ಮಾತ್ರ ಮುಂದಿನ ಪರೀಕ್ಷೆಗೆ ಯೋಗ್ಯ ಎಂಬುದು ಈ ಕ್ಷೇತ್ರದ ಹಳೆಯ ಅಳತೆ. ನಿಮ್ಮ ಹೊಂಡದಲ್ಲಿ 50,000 ಲೀಟರ್ ನೀರಿದೆ. ಅಂದರೆ 5 ಕಿಲೋ ಪುಡಿ. ಇದು ಗಾಜಿನ ತೊಟ್ಟಿಯ ಲೆಕ್ಕ. ಹೊಂಡದಲ್ಲಿ ಕೆಸರು, ಪಾಚಿ, ಕೊಳೆತ ಎಲೆ ಎಲ್ಲ ಸೇರಿ ಒಂದಷ್ಟು ರಸವನ್ನು ಹೀರಿಕೊಳ್ಳುತ್ತವೆ. ಬಸವನ ಹುಳವೂ ಸುಮ್ನೆ ಕೂರುವುದಿಲ್ಲ. ರಸ ತಾಗಿದ ತಕ್ಷಣ ಗೋಡೆ ಹತ್ತಿ ನೀರಿನಿಂದ ಹೊರಗೆ ಬರುತ್ತದೆ, ಇಲ್ಲವೇ ಚಿಪ್ಪಿನೊಳಗೆ ಸೇರಿಕೊಂಡು ಸತ್ತಂತೆ ಬಿದ್ದಿರುತ್ತದೆ. ಅದಕ್ಕೇ ನಾವು 24 ಗಂಟೆ ರಸದಲ್ಲಿಟ್ಟು, ಆಮೇಲೆ ಇನ್ನೂ 24 ಗಂಟೆ ಶುದ್ಧ ನೀರಿನಲ್ಲಿಟ್ಟು, ಸೂಜಿ ಮುಟ್ಟಿಸಿ ನೋಡಿಯೇ ಸತ್ತಿದೆ ಎಂದು ಬರೆಯುತ್ತಿದ್ದೆವು. ಎಷ್ಟೋ ಹುಳಗಳು ಶುದ್ಧ ನೀರಿಗೆ ಬಿದ್ದ ಮೇಲೆ ಎದ್ದು ನಡೆಯುತ್ತಿದ್ದವು.

ಇನ್ನು ಮೊಟ್ಟೆ. ಎಲೆಯ ಅಡಿಯಲ್ಲಿ ಅಂಟಂಟಾದ ಪಾರದರ್ಶಕ ಮುದ್ದೆ ಕಂಡರೆ ಅದೇ. ಆ ಲೋಳೆಯನ್ನು ದಾಟಿ ಸಪೋನಿನ್ ಒಳಗೆ ಹೋಗುವುದು ಕಷ್ಟ. ಇವು ಗಂಡೂ ಹೆಣ್ಣೂ ಒಂದೇ ಮೈಯಲ್ಲಿರುವ ಜೀವಿಗಳು. ಹಲವು ಜಾತಿಗಳಲ್ಲಿ ಒಂದೇ ಒಂದು ಉಳಿದರೂ ತಾನೇ ಮೊಟ್ಟೆಯಿಟ್ಟು ಸಂತಾನ ಬೆಳೆಸುತ್ತದೆ. ಒಮ್ಮೆ ಹಾಕಿ ಕೈ ತೊಳೆದುಕೊಳ್ಳುವ ಕೆಲಸ ಇದಲ್ಲ.

ಕಳ್ಳಿ ಹಾಲು ಬೇಡ ಎಂದದ್ದು ಅದು ದುರ್ಬಲ ಎಂದಲ್ಲ. ಕಳ್ಳಿ ಕುಲದ ಕೆಲವು ಗಿಡಗಳ ಹಾಲು ಬಲು ಜೋರು. ಕ್ರೌನ್ ಆಫ್ ಥಾರ್ನ್ಸ್ ಎಂಬ ಮುಳ್ಳುಗಿಡದ ಹಾಲನ್ನು ಬ್ರೆಜಿಲ್‌ನಲ್ಲಿ ಇದಕ್ಕಾಗಿಯೇ ವರ್ಷಗಟ್ಟಲೆ ಅಧ್ಯಯನ ಮಾಡಿದ್ದಾರೆ. ಆದರೆ ಕಳ್ಳಿ ಹಾಲು ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯ, ಚರ್ಮ ಸುಡುತ್ತದೆ. ಮೈಯಲ್ಲಿ ಕ್ಯಾನ್ಸರ್ ಗಡ್ಡೆ ಬೆಳೆಯಲು ಕುಮ್ಮಕ್ಕು ಕೊಡುವ ಜಾತಿಯ ರಾಸಾಯನಿಕಗಳೂ ಈ ಕುಲದಲ್ಲಿವೆ. ದನ ಕುಡಿಯುವ ನೀರಿಗೆ ಅದನ್ನು ಬೆರೆಸಿ ಎಂದು ನಾನು ಯಾರಿಗೂ ಹೇಳಲಾರೆ.

ಒಂದು ವಿಷಯ ಹೇಳಿ. ನಿಮ್ಮಲ್ಲಿರುವ ಹುಳದ ಚಿಪ್ಪು ಚೂಪು ತುದಿಯದ್ದಾ, ಚಪ್ಪಟೆ ಸುರುಳಿಯದ್ದಾ? ಲಿವರ್ ಫ್ಲೂಕ್ ಹೊರುವುದು ಲಿಮ್ನಿಯ ಗುಂಪಿನದು, ಅದಕ್ಕೆ ಚೂಪು ತುದಿ. ಟಗರಿನ ಕೊಂಬಿನಂತೆ ಚಪ್ಪಟೆ ಸುತ್ತಿಕೊಂಡಿದ್ದರೆ ಇಂಡೋಪ್ಲಾನಾರ್ಬಿಸ್ ಇರಬಹುದು. ಅದು ದನಗಳ ಗೊರಕೆ ರೋಗದ ಹುಳವನ್ನು ಹೊರುತ್ತದೆ.

ಪಶುವೈದ್ಯ:

ಮೇಲಿನವರು ಹೇಳಿದ್ದು ಸರಿ. ನನ್ನ ಕಡೆಯಿಂದ ಔಷಧಿಯ ಬಗ್ಗೆ ಎರಡು ಮಾತು. ಐವರ್‌ಮೆಕ್ಟಿನ್ ಕೊಟ್ಟಿದ್ದರೆ ಫ್ಲೂಕ್‌ಗೆ ಅದು ನಾಟುವುದಿಲ್ಲ. ಆಲ್ಬೆಂಡಜೋಲ್ ಬೆಳೆದ ಹುಳದ ಮೇಲೆ ಮಾತ್ರ ಕೆಲಸ ಮಾಡುತ್ತದೆ, ಲಿವರ್ ಕೊರೆಯುತ್ತಿರುವ ಮರಿಗಳು ಹಾಗೇ ಉಳಿಯುತ್ತವೆ. ಅವು ಬೆಳೆದು ಸಗಣಿಯಲ್ಲಿ ಮೊಟ್ಟೆ ಕಾಣಿಸಲು ತಿಂಗಳುಗಳೇ ಬೇಕು. "ಮತ್ತೆ ಅದೇ ಕಥೆ" ಎಂದಿರಲ್ಲ, ಅದು ಹೊಸ ಸೋಂಕೇ ಆಗಿರಬೇಕೆಂದಿಲ್ಲ. ಯಾವ ಔಷಧಿ ಕೊಟ್ಟಿದ್ದರು ಎಂದು ಚೀಟಿ ನೋಡಿ, ನಿಮ್ಮ ಡಾಕ್ಟರ ಹತ್ತಿರ ಮಾತಾಡಿ. ಹಾಲು ಕರೆಯುವ ಹಸುವಾದರೆ ಎಷ್ಟು ದಿನ ಹಾಲು ಬಳಸಬಾರದು ಎಂಬುದನ್ನೂ ಕೇಳಿ.

ಫ್ಲೂಕ್‌ನ ಮರಿ ನೀರಂಚಿನ ಹುಲ್ಲಿಗೆ ಅಂಟಿಕೊಂಡು ಗಟ್ಟಿ ಕವಚ ಕಟ್ಟಿಕೊಂಡು ಕಾಯುತ್ತದೆ. ತೇವ ಇದ್ದರೆ ತಿಂಗಳುಗಟ್ಟಲೆ. ಇವತ್ತು ಹೊಂಡದ ಬಸವನ ಹುಳವೆಲ್ಲ ಸತ್ತರೂ ಆ ಹುಲ್ಲು ತಿಂದ ಹಸುವಿಗೆ ಸೋಂಕು ತಪ್ಪದು. ಮೊದಲು ಅಂಚಿಗೆ ಬೇಲಿ ಹಾಕಿ, ನೀರನ್ನು ತೊಟ್ಟಿಗೆ ತಂದು ಕುಡಿಸಿ.

ಬಾತುಸಾಕಣೆ:

ಬಾತುಕೋಳಿ ಬಿಟ್ಟು ನೋಡಿ. ಬಸವನ ಹುಳವನ್ನು ಹೆಕ್ಕಿ ತಿನ್ನುತ್ತವೆ. ಇಂಡೋನೇಷ್ಯಾದಲ್ಲಿ ಇನ್ನೊಂದು ಉಪಾಯ ಮಾಡಿದ್ದಾರೆ. ಬಾತುಗಳ ಹೊಟ್ಟೆಯಲ್ಲಿರುವ ಎಕಿನೊಸ್ಟೋಮ ಎಂಬ ಬೇರೆ ಫ್ಲೂಕ್ ಕೂಡ ಅದೇ ಬಸವನ ಹುಳಕ್ಕೆ ಹೊಗುತ್ತದೆ. ಒಳಗೆ ದನದ ಫ್ಲೂಕ್‌ನ ಮರಿಗಳನ್ನು ತಿಂದುಹಾಕುತ್ತದೆ. ಅದಕ್ಕೆ ಬಾತುಗೂಡನ್ನು ದನದ ಕೊಟ್ಟಿಗೆಯ ನೀರು ಗದ್ದೆಗೆ ಸೇರುವ ಕಡೆಯೇ ಕಟ್ಟುತ್ತಾರೆ.

ಹೊಂಡದಂಚು:

ಎಲ್ಲರಿಗೂ ಧನ್ಯವಾದ. ಚಿಪ್ಪು ಚೂಪು ತುದಿಯದ್ದೇ ಜಾಸ್ತಿ, ಚಪ್ಪಟೆಯವೂ ಕೆಲವು ಇವೆ. ಚೀಟಿ ನೋಡಿದೆ, ಆಲ್ಬೆಂಡಜೋಲ್ ಎಂದಿದೆ. ನಾಳೆಯೇ ಕೇಳುತ್ತೇನೆ.

ಬೇಸಿಗೆಯಲ್ಲಿ ಹೊಂಡ ಬಹುತೇಕ ಬತ್ತುತ್ತದೆ. ಮೀನು ಅಷ್ಟರಲ್ಲಿ ಹಿಡಿದಿರುತ್ತೇವೆ. ಮೂಲೆಯಲ್ಲಿ ಸಣ್ಣ ಗುಂಡಿಯಷ್ಟು ನೀರು ಉಳಿಯುತ್ತದೆ, ತೋಡಿಗೂ ಹರಿಯುವುದಿಲ್ಲ. ಆಗ ಅಂಟುವಾಳ ಹಾಕಬಹುದಾ? ಮತ್ತೆ, ಹೊಂಡದ ಕಳೆ ಕಿತ್ತು ದನಕ್ಕೆ ಹಾಕುತ್ತೇವೆ, ಅದೂ ತಪ್ಪಾ?

ಗಾಜಿನತೊಟ್ಟಿ:

ಹಾಕಬಹುದು, ಅದೇ ಸರಿಯಾದ ಹೊತ್ತು. ನೀರು ಕಮ್ಮಿ, ಹುಳಗಳೆಲ್ಲ ಒಂದೇ ಕಡೆ, ಮೀನಿಲ್ಲ, ಹೊರಗೆ ಹರಿಯುವುದೂ ಇಲ್ಲ. ಸಪೋನಿನ್ ಕೆಲವು ದಿನಗಳಲ್ಲಿ ಕೊಳೆತು ಹೋಗುತ್ತದೆ. ಸಸ್ಯರಸದ ನಿಜವಾದ ಅನುಕೂಲ ಇದೇ.

ಅದಕ್ಕೆ ಮೊದಲು ಬಕೆಟ್‌ನಲ್ಲಿ ಪರೀಕ್ಷೆ ಮಾಡಿ. ಅದೇ ಗುಂಡಿಯ ನೀರು, ಅದೇ ಹುಳಗಳು. ಬೀಜ ತೆಗೆದು ಸಿಪ್ಪೆಯ ಪುಡಿ ಮಾತ್ರ ತೂಗಿ. ಬೇರೆ ಬೇರೆ ಬಕೆಟ್‌ಗೆ ಬೇರೆ ಬೇರೆ ಪ್ರಮಾಣ, ಒಂದಕ್ಕೆ ಏನೂ ಹಾಕದೆ ಇಡಿ. ಆ ಪುಡಿ ಹಾಕದ ಬಕೆಟ್‌ನಲ್ಲೂ ಹುಳ ಸತ್ತರೆ ನಿಮ್ಮ ಲೆಕ್ಕಕ್ಕೆ ಅರ್ಥವಿಲ್ಲ. ಮೇಲೆ ಬಲೆ ಕಟ್ಟಿ, ಇಲ್ಲದಿದ್ದರೆ ಹತ್ತಿ ಹೊರಗೆ ಹೋಗುತ್ತವೆ. ಕೈಗವಸು ಹಾಕಿಕೊಂಡೇ ಮುಟ್ಟಿ, ಪುಡಿ ಕಣ್ಣಿಗೆ ಹಾರದಂತೆ ನೋಡಿಕೊಳ್ಳಿ. ಎಲ್ಲ ಸಾಯುವ ಅತಿ ಕಡಿಮೆ ಪ್ರಮಾಣವನ್ನು ಗುಂಡಿಯ ನೀರಿಗೆ ಲೆಕ್ಕ ಹಾಕಿ. ಎರಡು ವಾರ ಬಿಟ್ಟು, ಮೊಟ್ಟೆಯೊಡೆದು ಮರಿ ಕಂಡ ಮೇಲೆ ಇನ್ನೊಮ್ಮೆ ಹಾಕಿ. ಅಲ್ಲಿಯವರೆಗೆ ದನ ಆ ಕಡೆ ಬೇಡ. ಬಾವಿಯ ಹತ್ತಿರ ಹಾಕಲೇಬೇಡಿ. ಗೊದಮೊಟ್ಟೆ ಕಂಡರೆ ಬಲೆಯಲ್ಲಿ ಹಿಡಿದು ಬೇರೆ ನೀರಿಗೆ ಬಿಡಿ, ಅವುಗಳಿಗೂ ಕಿವಿರಿದೆ.

ಒಣಗಿದ ಕೆಸರಿನಲ್ಲಿ ಹೂತುಕೊಂಡ ಹುಳಕ್ಕೆ ಈ ರಸ ಮುಟ್ಟುವುದಿಲ್ಲ. ಮೊದಲ ಮಳೆಗೆ ಅವು ಏಳುತ್ತವೆ. ನೀರು ನಿಲ್ಲಲು ಶುರುವಾದಾಗ ಅಂಚು ಗಮನಿಸಿ, ಹೊಸದಾಗಿ ಕಂಡರೆ ಕೈಯಿಂದಲೇ ಆರಿಸಿ ಜಜ್ಜಿ.

ಕಳೆಯ ಪ್ರಶ್ನೆ ಕೇಳಿದ್ದು ತುಂಬಾ ಒಳ್ಳೆಯದಾಯಿತು. ಕಳೆ ಕೀಳುವುದು ಬಹಳ ಒಳ್ಳೆಯ ಕೆಲಸ. ಸೆನೆಗಲ್‌ನಲ್ಲಿ ನೀರಿಗಿಳಿಯುವ ಜಾಗದ ಜಲಸಸ್ಯ ತೆಗೆದ ಹಳ್ಳಿಗಳಲ್ಲಿ ಮಕ್ಕಳಿಗೆ ಕರುಳಿನ ಶಿಸ್ಟೊಸೋಮಿಯಾಸಿಸ್ ಮರುಕಳಿಸುವುದು ಕಮ್ಮಿಯಾಯಿತು ಎಂದು 2023ರಲ್ಲಿ ವರದಿಯಾಗಿದೆ. ಬಸವನ ಹುಳದ ಊಟ, ಮನೆ ಎರಡೂ ಅದೇ. ಅಲ್ಲಿ ಆ ಕಳೆಯನ್ನು ಜಾನುವಾರಿಗೂ ಹಾಕಿದರು. ಆದರೆ ನಿಮ್ಮ ಕಾಯಿಲೆ ಬೇರೆ. ಶಿಸ್ಟೊಸೋಮ ಚರ್ಮದಿಂದ ಒಳಗೆ ಹೋಗುತ್ತದೆ, ಲಿವರ್ ಫ್ಲೂಕ್ ಎಲೆಯ ಮೇಲೆ ಕೂತು ಬಾಯಿಂದ ಹೋಗುತ್ತದೆ. ನೀವು ಹಸಿ ಕಳೆ ಹಾಕಿದರೆ ಹುಳವನ್ನು ಕೈಯಾರೆ ತಿನ್ನಿಸಿದಂತೆ. ಅದನ್ನು ಇವತ್ತಿನಿಂದಲೇ ನಿಲ್ಲಿಸಿ, ಗೊಬ್ಬರದ ಗುಂಡಿಗೆ ಹಾಕಿ. ಸಗಣಿಯೂ ಅಲ್ಲೇ ಬಿಸಿಯಾಗಿ ಕೊಳೆಯಲಿ, ಹೊಂಡಕ್ಕೆ ತೊಳೆದುಹೋಗುವುದು ಬೇಡ.

ಮಳೆಗೆ ಹೊಂಡ ತುಂಬಿದ ಮೇಲೆ ಒಂದೆರಡು ಮೀನನ್ನು ಬಲೆಯ ಪಂಜರದಲ್ಲಿ ಇಳಿಬಿಡಿ. ಎರಡು ದಿನ ಚುರುಕಾಗಿದ್ದರೆ ಉಳಿದ ಮರಿಗಳನ್ನು ಬಿಡಬಹುದು.