ಅಪ್‌ಡೇಟ್: ಅಪ್ಪ ಅಮ್ಮನ ಜೊತೆ ಗ್ಲೆಂಡಲಾಕ್‌ಗೆ ಹೋಗಿ ಬಂದೆವು

ಐರ್ಲೆಂಡಿನ ಡಬ್ಲಿನ್‌ನಿಂದ ಒಂದೇ ದಿನದಲ್ಲಿ ಹೋಗಿ ಬರೋಕೆ ನ್ಯೂಗ್ರೇಂಜ್ (ತುಂಬಾ ಹಳೆಯ ಕಲ್ಲಿನ ಸಮಾಧಿ) ಒಳ್ಳೆಯದಾ, ಗ್ಲೆಂಡಲಾಕ್ ಒಳ್ಳೆಯದಾ, ಅಮ್ಮನಿಗೆ ಮಂಡಿನೋವು ಬೇರೆ ಅಂತ ಕೇಳಿದ್ದೆ. ಜಾಸ್ತಿ ಜನ ಹೇಳಿದ ಗ್ಲೆಂಡಲಾಕ್‌ಗೇ ಹೋದೆವು. ವಿಕ್ಲೋ ಬೆಟ್ಟಗಳ ನಡುವೆ, 6ನೇ ಶತಮಾನದಲ್ಲಿ ಸಂತ ಕೆವಿನ್ ಶುರು ಮಾಡಿದ ಮಠದ ಜಾಗ. ಅಲ್ಲಿನ ದುಂಡು ಗೋಪುರ ಸುಮಾರು 30 ಮೀಟರ್ ಎತ್ತರ. ಬಾಗಿಲು ಮಾತ್ರ ನೆಲದಿಂದ ಮೂರೂವರೆ ಮೀಟರ್ ಮೇಲೆ! ಅಪ್ಪ ಗೋಪುರಕ್ಕೆ ಒಂದು ಸುತ್ತು ಹಾಕಿ ಮೆಟ್ಟಿಲು ಹುಡುಕಿದರು. ಆ ಕಾಲದಲ್ಲಿ ಏಣಿ ಹಾಕಿ ಹತ್ತುತ್ತಿದ್ದರಂತೆ. ಮೇಲಿನ ಸರೋವರಕ್ಕೆ ಹೋಗುವ ಗ್ರೀನ್ ರೋಡ್ ಸಮತಟ್ಟಾಗಿದೆ, ಅಮ್ಮ ಆರಾಮಾಗಿ ನಡೆದರು. ಸ್ಪಿಂಕ್ ದಾರಿಯಲ್ಲಿ ಮೆಟ್ಟಿಲು ಜಾಸ್ತಿ, ಅದನ್ನು ಬಿಟ್ಟೆವು. ಛತ್ರಿ ಗಾಳಿಗೆ ನಿಲ್ಲಲ್ಲ, ಜರ್ಕಿನ್ ಇಟ್ಟುಕೊಳ್ಳಿ. ನ್ಯೂಗ್ರೇಂಜ್‌ಗೆ ಮೊದಲೇ ಟಿಕೆಟ್ ಬುಕ್ ಮಾಡೋದು ಒಳ್ಳೆಯದು, ಅದು ಮುಂದಿನ ಸಲ.